ಕಾಶವ್ವನ ಚೆಂಡು

ಇದು ನನ್ನ ಊರಲ್ಲ. ಇಲ್ಲಿಯ ನೀರು ಕುಡಿದು, ಇಲ್ಲಿಯ ರೊಟ್ಟಿ ತಿಂದು, ಇಲ್ಲಿಯವರ ಸೈಕಲ್ಲುಗಳಿಗೆಲ್ಲ ಪಂಕ್ಚರ್ ಹಾಕಿ ತಲೆ ಬೆಳ್ಳಗಾದ ಮೇಲೂ ಜನ ನನ್ನನ್ನು ಅಳಿಯ ಎಂದೇ ಕರೆಯುತ್ತಾರೆ. ಹೆಂಡತಿಯ ಮನೆಯವರು ಮಾತ್ರ ಅಲ್ಲ, ಇಡೀ ಊರು. ಮೀಸೆ ಮೂಡದವರು ಕೂಡ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ‘ಅಳ್ಯಾ, ಬ್ರೇಕ್ ಸ್ವಲ್ಪ ಬಿಗಿ ಮಾಡು’ ಎನ್ನುತ್ತಾರೆ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಯಾರಾದರೂ ಅಡಿವೆಪ್ಪ ಎಂದು ಕೂಗಿದರೆ ಬೇರೆ ಯಾರನ್ನೋ ಕರೆದರು ಅನ್ನಿಸಿ ಸುಮ್ಮನಿರುತ್ತೇನೆ.

ನಾನು ಈ ಊರಿಗೆ ಬಂದದ್ದು ಲಗೋರಿ ಆಡಲಿಕ್ಕೆ. ನಮ್ಮ ಊರಿನಲ್ಲಿ ನನ್ನ ತೋಳಿಗೆ ಸಮ ಇರಲಿಲ್ಲ. ಕಲ್ಲು ಪೇರಿಸಿಟ್ಟರೆ ಒಂದೇ ಏಟಿಗೆ ಚೆಲ್ಲಾಪಿಲ್ಲಿ ಮಾಡುತ್ತಿದ್ದೆ. ಆ ಸೊಕ್ಕಿನಲ್ಲೇ ಇಲ್ಲಿಯ ಬಯಲಿನಲ್ಲಿ ನಿಂತು ಬೀಸಿ ಒಗೆದೆ. ಚೆಂಡು ಅರ್ಧ ದಾರಿ ಹೋಗಿ ಮುಗ್ಗರಿಸಿ ಮಣ್ಣಿಗೆ ಬಿತ್ತು. ಮತ್ತೆ ಒಗೆದೆ, ಮತ್ತೆ ಅದೇ ಗತಿ. ‘ಈ ಊರ ಗಾಳೀನ ಸರಿ ಇಲ್ಲ’ ಎಂದು ಗೊಣಗಿದೆ. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರ ನಡುವಿನಿಂದ ಒಂದು ದನಿ ಬಂತು: ‘ಕುಣಿಯಾಕ ಬರದಾಕಿ ನೆಲ ಡೊಂಕ ಅಂದಿದ್ಲಂತ!’ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದನಿ ಕಾಶವ್ವನದು.

ಗಂಡಸರ ಆಟ ಮುಗಿದು ಗಂಡು ಹೆಣ್ಣು ಎಲ್ಲ ಕೂಡಿ ಆಡುವ ಹೊತ್ತಿಗೆ ನಾನು ಏಟು ತಪ್ಪಿಸಿಕೊಳ್ಳಲು ಚಾವಡಿಯ ಗೋಡೆಯ ಹಿಂದೆ ಅವಿತು ನಿಂತೆ. ಚೆಂಡು ಮೂಲೆ ತಿರುಗಿಕೊಂಡು ಬಂದು ನನ್ನ ಹಿಂದಲೆಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅದರ ಬೆನ್ನಿಗೇ ಸೆರಗು ಸೊಂಟಕ್ಕೆ ಸಿಗಿಸಿಕೊಂಡ ಹುಡುಗಿಯೊಬ್ಬಳು ಬಂದು, ‘ಗ್ವಾಡಿ ಹಿಂದ ನಿಂತ್ರ ಚೆಂಡಿಗೇನು ದಾರಿ ಗೊತ್ತಿಲ್ಲೇನು?’ ಎಂದಳು. ಕಟ್ಟೆಯ ಮೇಲಿನ ಅದೇ ದನಿ, ಕಾಶವ್ವ. ನನ್ನ ಸೊಕ್ಕು ಅಲ್ಲಿಗೆ ಇಳಿಯಿತು. ನಮ್ಮ ತಂಡ ಸೋತು ಊರಿಗೆ ಹೋಯಿತು. ನಾನು ಹಿಂದಲೆ ನೇವರಿಸಿಕೊಳ್ಳುತ್ತಾ, ಹೆಣ್ಣು ಕೇಳಿದರೆ ಇವಳನ್ನೇ ಕೇಳಬೇಕು ಎಂದುಕೊಂಡು ಹೋದೆ.

ಈ ಊರಿನಲ್ಲಿ ಚೆಂಡು ಹೇಗೆ ಹೋಗಬೇಕೆಂಬುದನ್ನು ತಿರುವು ನಿರ್ಧರಿಸುತ್ತದೆ, ತೋಳಲ್ಲ. ಮುಂದಕ್ಕೆ ಉರುಳುವಂತೆ ತಿರುವಿ ಬಿಟ್ಟರೆ ಚೆಂಡು ತಟ್ಟನೆ ಕೆಳಕ್ಕೆ ಧುಮುಕುತ್ತದೆ. ಪಕ್ಕಕ್ಕೆ ತಿರುವಿದರೆ ಆ ಪಕ್ಕಕ್ಕೆ ಬಾಗುತ್ತದೆ. ಹಿಂದಕ್ಕೆ, ಅಂದರೆ ನಮ್ಮ ಕಡೆಗೇ ಉರುಳಿ ಬರುವಂತೆ ತಿರುವಿದರೆ ಮೇಲಕ್ಕೆ ತೇಲುತ್ತದೆ. ಇಷ್ಟು ಎಲ್ಲ ಊರಿನಲ್ಲೂ ತುಸುತುಸು ಆಗುವುದೇ. ಇಲ್ಲಿಯ ವಿಶೇಷವೆಂದರೆ, ಹಾಗೆ ತೇಲಿದ ಚೆಂಡು ತಿರುಗುವುದು ನಿಲ್ಲುವವರೆಗೂ ಕೆಳಗೆ ಬೀಳುವುದಿಲ್ಲ. ಕಾಶವ್ವನ ಅಣ್ಣ ಹುಲಗಪ್ಪ ಊರಿಗೇ ಆಟ ಕಲಿಸುವವನು. ಒಮ್ಮೆ ಅಂಗೈಯಲ್ಲಿ ಚಿಂದಿ ಚೆಂಡು ಹೊರಳಿಸುತ್ತಾ ನನಗೆ ಹೇಳಿದ್ದ: ‘ಹಿಂದಕ್ಕ ತಿರುಗೂ ಚೆಂಡು ಗಾಳೀನ ಕೆಳಗ ತಳ್ಳತೈತಿ. ಗಾಳಿ ಚೆಂಡನ್ನ ಮ್ಯಾಲ ತಳ್ಳತೈತಿ. ಇಬ್ಬರೊಳಗ ಯಾರು ಮೊದಲ ದಣೀತಾರ ನೋಡು, ಅಷ್ಟ. ಹೊಲಿಗಿ ಉಬ್ಬಿರಬೇಕು, ಅರಿವಿ ಒರಟಿರಬೇಕು. ನುಣ್ಣಗಿದ್ರ ಗಾಳಿಗೆ ಹಿಡಿಯಾಕ ಏನ್ ಸಿಗತೈತಿ?’

ಊರಿನವರಿಗೆ ಇದು ವಿಶೇಷವೂ ಅಲ್ಲ, ವಿಚಿತ್ರವೂ ಅಲ್ಲ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳು ಗಡ್ಡೆಯನ್ನು ತಕ್ಕಡಿಗೆ ಎಸೆಯುವುದಿಲ್ಲ, ಇಡುತ್ತಾಳೆ. ಎಸೆದರೆ ಗಿರಾಕಿ ಅದು ಇಳಿಯುವುದನ್ನು ಕಾಯುತ್ತಾ ನಿಲ್ಲಬೇಕು. ಶೇಂಗಾ ಉಂಡಿ ಕಟ್ಟುವಾಗ ಅಂಗೈಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿಸಿ ಪರಾತಕ್ಕೆ ಇಡುತ್ತಾರೆ. ಆಚೆ ಓಣಿಯವಳಿಗೆ ನಿಂಬೆಹಣ್ಣು ಬೇಕಾದರೆ ಈ ಓಣಿಯವಳು ಅಡ್ಡ ತಿರುವಿ ಓಣಿಯ ಮೂಲೆ ದಾಟಿಸಿ ಕಳಿಸುತ್ತಾಳೆ, ಅವಳು ಕೂತಲ್ಲಿಂದಲೇ ಕೈ ಚಾಚಿ ಹಿಡಿಯುತ್ತಾಳೆ. ಕ್ರಿಕೆಟ್ ಬಂದ ವರ್ಷ ಪಕ್ಕದ ತಾಲೂಕಿನ ತಂಡವೊಂದು ಆಡಲು ಬಂದಿತ್ತು. ಹುಲಗಪ್ಪ ಹಾಕಿದ ಮೊದಲ ಚೆಂಡೇ ಬ್ಯಾಟಿನವನ ತಲೆಯ ಮೇಲೆ ನಿಂತುಬಿಟ್ಟಿತು. ಆತ ಬ್ಯಾಟು ಎತ್ತಿಕೊಂಡೇ ಕಾದ, ಆಮೇಲೆ ಬ್ಯಾಟು ಊರಿಕೊಂಡು ಕಾದ, ಆಮೇಲೆ ಚಹಾ ತರಿಸಿಕೊಂಡ. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮದುವೆಯಲ್ಲಿಯೂ ಇಲ್ಲಿ ಚೆಂಡಿನದೇ ಕಾರುಬಾರು. ಗಂಡನ ಮನೆಗೆ ಹೊರಡುವ ಹುಡುಗಿ ಹೊಸ್ತಿಲ ಹೊರಗೆ ನಿಂತು, ತಾಯಿ ಹೊಲಿದುಕೊಟ್ಟ ಚೆಂಡನ್ನು ಬೀದಿಯ ಕಡೆಗೆ ಎಸೆಯುತ್ತಾಳೆ. ಅದು ನೆಲ ಮುಟ್ಟಿದ ಮೇಲೆಯೇ ಹೊರಡಬೇಕು. ಸಾಮಾನ್ಯವಾಗಿ ಹುಡುಗಿಯರು ತುಸು ಹಿಂದಕ್ಕೆ ತಿರುವುತ್ತಾರೆ. ತವರಿನಲ್ಲಿ ಒಂದು ಲೋಟ ಚಹಾ ಕುಡಿಯುವಷ್ಟು, ಗೆಳತಿಯರ ಹೆಗಲ ಮೇಲೆ ನಾಲ್ಕು ಹನಿ ಕಣ್ಣೀರು ಹಾಕುವಷ್ಟು ಹೊತ್ತು ಸಿಗಲೆಂದು. ಎಸೆಯುವವಳ ಕೈಯನ್ನು ಯಾರೂ ನೋಡಬಾರದು, ಆಕಾಶ ನೋಡಬೇಕು. ಕೈಯಲ್ಲಿ ಮನಸ್ಸು ಕಾಣುತ್ತದಂತೆ, ಅದನ್ನು ನೋಡುವುದು ನಾಚಿಕೆಗೇಡು. ಚೆಂಡು ಮೇಲಿರುವಾಗ ಎಸೆದವರು ಊರಿನ ಗಡಿ ದಾಟಬಾರದು. ಮತ್ತೆ, ಅದು ಬೀಳುವವರೆಗೆ ಯಾಕೆ ಹಾಗೆ ಎಸೆದೆವು ಎಂಬ ಬಗ್ಗೆ ಒಂದೇ ಒಂದು ಮಾತೂ ಆಡಬಾರದು. ಆಡಿದರೆ ಆ ಮನೆಯ ಒಲೆ ಆರುತ್ತದೆ ಎನ್ನುತ್ತಾರೆ. ಆಡಿ ನೋಡಿದವರು ಯಾರೂ ಇಲ್ಲ.

ನಮ್ಮ ಮದುವೆ ಆಯಿತು. ಹೊರಡುವ ಹೊತ್ತು ಚಕ್ಕಡಿ ಕಟ್ಟಿ ನಿಂತಿತ್ತು. ನಾನು ಎತ್ತಿನ ಕೊರಳ ಹತ್ತಿರ ನಿಂತು ಶಿಸ್ತಾಗಿ ಆಕಾಶ ನೋಡುತ್ತಿದ್ದೆ. ಹಿಂದಿನಿಂದ ನನ್ನ ಅತ್ತೆ ಗುರವ್ವನ ದನಿ ಕೇಳಿಸಿತು: ‘ಏ ಕಾಶೀ, ಬುತ್ತಿ ಮರತೀ!’ ಆ ಕೂಗಿನ ಹಿಂದೆಯೇ ಚೆಂಡು ನನ್ನ ಕಣ್ಣಿಗೆ ಬಿತ್ತು. ಹಸಿರು ಇಳಕಲ್ಲ ಸೀರೆಯ ಚಿಂದಿಯದು, ಕೆಂಪು ದಾರದ ಹೊಲಿಗೆಯದು. ಗುಂಯ್ ಎಂದು ಸದ್ದು ಮಾಡುತ್ತಾ ಮಾಳಿಗೆ ದಾಟಿ, ಬೇವಿನ ಮರ ದಾಟಿ ಮೇಲೇರಿ ಅಲ್ಲಿಯೇ ನಿಂತಿತು. ಜನ ಮೊದಲು ಭಲೆ ಎಂದರು. ಆಮೇಲೆ ಒಬ್ಬೊಬ್ಬರೇ ನನ್ನ ಕಡೆ ನೋಡತೊಡಗಿದರು.

ಚಹಾ ಆಯಿತು, ಊಟ ಆಯಿತು, ದೀಪ ಹಚ್ಚುವ ಹೊತ್ತಾಯಿತು. ಚೆಂಡು ಇಳಿಯಲಿಲ್ಲ. ನಮ್ಮ ಕಡೆಯವರೆಲ್ಲ ಮಲಗಿ ಎದ್ದು ಮತ್ತೆ ಉಂಡು ಮತ್ತೆ ಮಲಗಿದರು. ನಮ್ಮಪ್ಪ ಕವಣೆ ತರಿಸಿ ಹೊಡೆದು ಬೀಳಿಸಲು ಹೊರಟಾಗ ಹುಲಗಪ್ಪ ಕೈ ಮುಗಿದ: ‘ಹಿರ್ಯಾರ, ಬೀಳಿಸಿದ ಚೆಂಡು ಬಿದ್ದಂಗಲ್ರಿ.’ ಕಡೆಗೆ ನಮ್ಮಪ್ಪ ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದ: ‘ಅಷ್ಟು ಮ್ಯಾಲ ಒಗದಾಳಂದ್ರ ಆಕೀಗೆ ನಿನ್ನ ಸಂಗಾಟ ಬರೂ ಮನಸ್ಸಿಲ್ಲೋ ಮಗನ. ಇಷ್ಟು ತಿಳಿಯೂದಿಲ್ಲೇನು? ನಡಿ, ಬ್ಯಾರೆ ಹೆಣ್ಣು ನೋಡೂಣು.’

ನನಗೂ ಅದು ತಿಳಿಯದೆ ಇರಲಿಲ್ಲ. ಅಲ್ಲಿ ನೆರೆದವರಿಗೆಲ್ಲ ತಿಳಿದಿತ್ತು. ಚೆಂಡು ಎಷ್ಟು ಹೊತ್ತು ಮೇಲೆ ನಿಲ್ಲುತ್ತದೋ ಹುಡುಗಿಗೆ ಅಷ್ಟು ಒಲ್ಲದ ಮನಸ್ಸು, ಇದು ಇಲ್ಲಿಯ ಲೆಕ್ಕ. ಆದರೂ ನಾನು ಹೋಗಲಿಲ್ಲ. ‘ಚೆಂಡು ಬಿದ್ದ ಮ್ಯಾಲ ಕರಕೊಂಡ ಬರ್ತೀನಿ’ ಎಂದೆ. ನಮ್ಮಪ್ಪ ಖಾಲಿ ಚಕ್ಕಡಿ ಹೊಡೆದುಕೊಂಡು ಹೋದ.

ಆ ಮೊದಲ ವರ್ಷ ಒಮ್ಮೆ ಕೇಳಿಬಿಟ್ಟೆ. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ‘ಒಂದ ಮಾತು ಹೇಳು. ನನ್ನ ಜೋಡಿ ಬರೂ ಮನಸ್ಸು ಇತ್ತೋ, ಇದ್ದಿದ್ದಿಲ್ಲೋ?’ ಅವಳ ಕೈ ನಿಂತಿತು. ಹಿಟ್ಟು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟು, ಇನ್ನೊಂದು ಕೈಯಿಂದ ಬೆಳಕಿಂಡಿಯ ಕಡೆ, ಮೇಲಕ್ಕೆ ತೋರಿಸಿದಳು. ಅವಳ ಕಣ್ಣು ತುಂಬಿತ್ತು. ಇಲ್ಲ ಎಂದು ಹೇಳಲಾರದೆ ಹಾಗೆ ಮಾಡಿದಳು ಎಂದು ನಾನು ತಿಳಿದೆ. ಮತ್ತೆ ಕೇಳಲಿಲ್ಲ.

ಆಮೇಲೆ ಬದುಕು ತನ್ನ ಪಾಡಿಗೆ ತಾನು ನಡೆಯಿತು. ಸಂತೆಪೇಟೆಯಲ್ಲಿ ಸೈಕಲ್ ಅಂಗಡಿ ಹಾಕಿದೆ. ಮಗಳು ಸುನಂದಾ ಹುಟ್ಟಿದಳು. ಚೆಂಡು ಮೇಲೆ ಗುಂಯ್ಗುಡುತ್ತಲೇ ಇತ್ತು. ಬಸ್ಸಿಳಿದವರಿಗೆ ಜನ ‘ಕಾಶವ್ವನ ಚೆಂಡಿನ ಕೆಳಗ ಹಾದು ಎಡಕ್ಕ ಹೊಳ್ರಿ’ ಎಂದು ದಾರಿ ಹೇಳತೊಡಗಿದರು. ಅದರ ಪುಟ್ಟ ನೆರಳು ನಮ್ಮ ಅಂಗಳದ ಒರಳಿಗೆ ಬಂದರೆ ಗುರವ್ವ ಅನ್ನಕ್ಕೆ ಎಸರಿಡುತ್ತಿದ್ದಳು. ಸುನಂದಾ ತೊಟ್ಟಿಲಲ್ಲಿ ಅತ್ತರೆ ಜೋಗುಳ ಬೇಕಿರಲಿಲ್ಲ. ತೊಟ್ಟಿಲನ್ನು ಅಂಗಳಕ್ಕೆ ತಂದರೆ ಸಾಕು, ಆ ಸದ್ದಿಗೆ ಮಲಗುತ್ತಿದ್ದಳು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಕಿವಿಯಲ್ಲಿ ಮೊದಲು ಕೇಳುವುದು ಆ ಸದ್ದು, ಆಮೇಲೆ ಕಾಶವ್ವ ಬಳೆ ಸರಿಸಿಕೊಂಡು ಹಿಟ್ಟು ನಾದುವ ಸದ್ದು.

ಅತ್ತೆ ಗುರವ್ವ ನನ್ನನ್ನು ನೋಡಿಕೊಂಡ ರೀತಿಯನ್ನು ಹೇಳದೆ ಇರಲಾರೆ. ಮನೆಯಲ್ಲಿ ಮೊದಲ ರೊಟ್ಟಿ ನನಗೇ. ಅದರ ಮೇಲಿನ ಬೆಣ್ಣೆಯೂ ನನಗೇ. ಸ್ವಂತ ಮಗ ಹುಲಗಪ್ಪ ‘ನಾ ಏನ್ ಪಾಪ ಮಾಡೀನಬೇ?’ ಎಂದರೆ, ‘ನೀ ಸುಮ್ಮ ಉಣ್ಣು’ ಎಂದು ಗದರುತ್ತಿದ್ದಳು. ಮಗಳಿಗೆ ಬೇಡವಾದ ಗಂಡ, ಪಾಪ ಎಂಬ ಕನಿಕರ ಎಂದು ನಾನು ಆ ಬೆಣ್ಣೆಯನ್ನು ನುಂಗುತ್ತಿದ್ದೆ. ಸಾಯುವ ಮುಂಚೆ ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದಳು. ಮಗಳ ಮುಖ ನೋಡಿ ಮತ್ತೆ ಮುಚ್ಚಿದಳು.

ಸಂಜೆಯ ಹೊತ್ತು ಹುಲಗಪ್ಪ ನನಗೆ ಹಿಂದಕ್ಕೆ ತಿರುವುವುದನ್ನು ಕಲಿಸಲು ಹೆಣಗಿದ. ಬೆರಳು ಹೀಗಿಡು, ಮಣಿಕಟ್ಟು ಹಾಗೆ ಬಿಡು ಎಂದು ಹೇಳಿ ಹೇಳಿ ಸೋತ. ನನ್ನ ಕೈಗೆ ಬಂದದ್ದು ಮುಂದಕ್ಕೆ ತಿರುವುವುದೊಂದೇ. ಎಸೆದ ಚೆಂಡೆಲ್ಲ ನನ್ನ ಕಾಲ ಬುಡಕ್ಕೇ ಧೊಪ್ಪೆಂದು ಬೀಳುತ್ತಿತ್ತು. ‘ಬಿಡಪಾ ಅಳ್ಯಾ, ನಿನಗ ಸೈಕಲ್ ಗಾಲೀನ ಸರಿ’ ಎಂದ. ಊರ ಹುಡುಗರಿಗೆಲ್ಲ ಆಡಿಕೊಳ್ಳಲು ಒಂದು ಸಿಕ್ಕಿತು. ಬಿದ್ದ ಎಸೆತಕ್ಕೆಲ್ಲ ‘ಅಳಿಯನ ಏಟು’ ಎಂದು ಹೆಸರಿಟ್ಟರು.

ಸುನಂದಾಳ ಮದುವೆಯೂ ಬಂತು. ಅವಳ ಚೆಂಡನ್ನು ಕಾಶವ್ವನೇ ಹೊಲಿದಳು. ಹೊಸ್ತಿಲಲ್ಲಿ ಅದನ್ನು ಮಗಳ ಕೈಗೆ ಕೊಡುವಾಗ ಅವಳು ಪಿಸುಗುಟ್ಟಿದ್ದು ಹತ್ತಿರ ನಿಂತಿದ್ದ ನನಗೆ ಕೇಳಿಸಿತು: ‘ಒಗಿಯೂ ಮುಂದ ಯಾರ್ ಕರದ್ರೂ ಹೊಳ್ಳಿ ನೋಡಬ್ಯಾಡ ಮಗಳ. ನಾ ಕರದ್ರೂ ನೋಡಬ್ಯಾಡ.’ ಶಾಸ್ತ್ರದ ಮಾತಿರಬೇಕು ಎಂದುಕೊಂಡೆ. ಸುನಂದಾಳ ಚೆಂಡು ಬೇವಿನ ಮರದ ಎತ್ತರಕ್ಕೆ ಹೋಗಿ, ನಾವೆಲ್ಲ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಇಳಿಯಿತು. ಅವಳು ಹೋದಳು. ಆ ದಿನ ಕಾಶವ್ವ ಬಹಳ ಹೊತ್ತು ಅಂಗಳದಲ್ಲಿ ನಿಂತು ತನ್ನ ಚೆಂಡನ್ನೇ ನೋಡಿದಳು. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಬೀಗರ ಮಗನನ್ನು ಕಂಡು. ಅವನ ಹೆಂಡತಿ ಬೇಗ ಬಂದಳಲ್ಲ ಎಂದು.

ಹೋದ ವರ್ಷ ಬೇಸಿಗೆಯಲ್ಲಿ ಸದ್ದು ಕುಗ್ಗತೊಡಗಿತು. ಬೆಳಿಗ್ಗೆ ಅಂಗಡಿಗೆ ಹೊರಟವನು ಅಂಗಳದಲ್ಲಿ ನಿಂತು ಕಿವಿಗೊಟ್ಟೆ. ಗುಂಯ್ ಎನ್ನುತ್ತಿದ್ದದ್ದು ಬರೀ ಗುಸುಗುಸು ಆಗಿತ್ತು. ಚೆಂಡು ಮೊದಲು ಬೇವಿನ ತುದಿಗೆ, ಆಮೇಲೆ ಮಾಳಿಗೆಯ ಮಟ್ಟಕ್ಕೆ ಇಳಿಯಿತು. ಯಾವುದಕ್ಕೆ ವಯಸ್ಸೆಲ್ಲ ಕಾದೆನೋ ಅದು ಬರುವಾಗ ನನಗೆ ಹೆದರಿಕೆಯಾಯಿತು. ಬಿದ್ದ ಮೇಲೆ ಅವಳು ಮಾತಾಡಬಹುದು. ಇಷ್ಟು ವರ್ಷ ಊಹೆಯಾಗಿದ್ದದ್ದು ಅವಳ ಬಾಯಿಂದಲೇ ಬಂದರೆ ಅದನ್ನು ಎಲ್ಲಿ ಇಟ್ಟುಕೊಳ್ಳಲಿ? ಗೊತ್ತಿಲ್ಲದೆ ಇದ್ದಾಗ ಹೇಗೋ ಬದುಕಿದ್ದೆ. ಒಂದು ದಿನ ಮಾಳಿಗೆ ಹತ್ತಿ ಚೆಂಡಿಗೆ ಬೀಸಣಿಗೆಯಿಂದ ಗಾಳಿ ಹಾಕಿದೆ. ನನ್ನ ಹುಚ್ಚಿಗೆ ನಾನೇ ನಕ್ಕು ಇಳಿದು ಬಂದೆ.

ಅದು ಬಿದ್ದದ್ದು ಒಂದು ಮಧ್ಯಾಹ್ನ. ಕಾಶವ್ವ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು, ನಾನು ಎದುರಿಗೆ ಸೈಕಲ್ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದೆ. ಒಂದಿಷ್ಟೂ ಸದ್ದಿಲ್ಲದೆ ಚೆಂಡು ಇಳಿದು ಅವಳ ಮುಂದಿನ ಸಿಪ್ಪೆಯ ರಾಶಿಯ ಮೇಲೆ ಕೂತಿತು. ಹಸಿರು ಹೋಗಿ ಬೂದಿ ಬಣ್ಣವಾಗಿತ್ತು, ದಾರ ಮಾತ್ರ ಇನ್ನೂ ಕೆಂಪಿತ್ತು. ಅವಳು ಅದನ್ನು ನೋಡಿದಳು. ನಾನು ಅವಳನ್ನು ನೋಡಿದೆ.

‘ಮುಂದಕ್ಕ ತಿರುವಿದ್ದೆರಿ ನಾ’ ಎಂದಳು.

ನನಗೆ ತಿಳಿಯಲಿಲ್ಲ. ‘ಏನಂದಿ?’

‘ಕೈಯಾಗ ಎಷ್ಟು ಕಸುವು ಇತ್ತೋ ಅಷ್ಟೂ ಹಾಕಿ ಮುಂದಕ್ಕ ತಿರುವಿದ್ದೆ. ಲಗ್ನ ಗೊತ್ತಾದಾಗಿಂದ ಹಿತ್ತಲದಾಗ ಯಾರಿಗೂ ಕಾಣದಂಗ ಅದನ್ನ ರೂಢಿ ಮಾಡ್ಕೊಂಡಿದ್ದೆ. ಒಗದ ಕೂಡ್ಲೆ ಹೊಸ್ತಿಲ ಮುಂದ ಬೀಳಲಿ, ಬಿದ್ದ ಕೂಡ್ಲೆ ನಿಮ್ಮ ಚಕ್ಕಡಿ ಹತ್ತೂಣು ಅಂತ. ಕೈ ಎತ್ತಿ ಬೀಸಿದ್ದೆ, ಅಷ್ಟರಾಗ ಅವ್ವ ಬುತ್ತಿ ಮರತಿ ಅಂತ ಒದರಿದ್ಲು. ಗಕ್ಕನ ಆಕಿ ಕಡೆ ಹೊಳ್ಳಿದೆ. ಕೈ ನಿಂದರಲಿಲ್ಲ. ಚೆಂಡು ಹೆಗಲ ಮ್ಯಾಲಿಂದ ಹಿಂದಕ್ಕ ಹೋತು.’

ನಾನು ಟ್ಯೂಬು ಕೆಳಗಿಟ್ಟು ಚೆಂಡನ್ನು ಎತ್ತಿಕೊಂಡೆ. ಬೆರಳ ಮೇಲೆ ಹೊರಳಿಸಿ ನೋಡಿದೆ. ಅವಳ ಮುಖ ಮನೆಯ ಕಡೆ, ಚೆಂಡು ಬೀದಿಯ ಕಡೆ. ಮನೆಯ ಕಡೆಗೆ ಎಸೆದಿದ್ದರೆ ಧುಮುಕಿಸಬೇಕಾದ ತಿರುವು, ಬೀದಿಯ ಕಡೆಗೆ ಹೋದ ಚೆಂಡಿಗೆ ಹಿಂದುಮುಂದಾಗಿ ತೇಲಿಸುವ ತಿರುವಾಯಿತು. ಇಷ್ಟು ಸಣ್ಣ ಮಾತು ಊರಿನ ಒಬ್ಬ ಆಟಗಾರನಿಗೂ ಹೊಳೆಯಲಿಲ್ಲ. ಎಲ್ಲರೂ ಮರ್ಯಾದೆಯಿಂದ ಆಕಾಶ ನೋಡುತ್ತಿದ್ದರು. ನೋಡಿದವಳು ಒಬ್ಬಳೇ, ಗುರವ್ವ. ತನ್ನ ಕೂಗಿನಿಂದ ಮಗಳು ತನ್ನ ಬಳಿಯೇ ಉಳಿದಳಲ್ಲ, ಅದನ್ನು ಬಾಯಿಬಿಟ್ಟು ಕಳೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಆ ಬೆಣ್ಣೆಯೆಲ್ಲ ಅದಕ್ಕೆ.

ಮತ್ತೆ ಆ ವರ್ಷಗಳು! ಒಂದೊಂದು ವರ್ಷ ಕಳೆದಾಗಲೂ ಅವಳಿಗೆ ನಾನು ಅಷ್ಟು ಬೇಡವಾಗಿದ್ದೆ ಎಂದು ಲೆಕ್ಕ ಹಾಕಿದ್ದೆನಲ್ಲ, ಅದೆಲ್ಲ ಅವಳು ನನ್ನ ಜೊತೆ ಬರಲು ಅವಸರಪಟ್ಟ ಲೆಕ್ಕವಾಗಿತ್ತು. ಅವಸರ ಒಂದಿಷ್ಟು ಕಡಿಮೆಯಿದ್ದಿದ್ದರೆ ಚೆಂಡು ಸಂಜೆಗೇ ಇಳಿಯುತ್ತಿತ್ತು. ಸೈಕಲ್ ಟ್ಯೂಬಿನ ಮುಂದೆ ಕೂತು ನಾನು ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ. ಕಾಶವ್ವ ಸೆರಗಿನಿಂದ ನನ್ನ ಮುಖ ಒರೆಸಿ, ‘ಗ್ವಾಡಿ ಹಿಂದ ಅವತು ನಿಂತಾಗ್ಲೇ ನೀವು ಇಷ್ಟ ಧೈರ್ಯದವ್ರು ಅಂತ ಗೊತ್ತಿತ್ತು ನನಗ’ ಎಂದಳು.

ಸುದ್ದಿ ಓಣಿಗೆಲ್ಲ ಹಬ್ಬಿತು. ಚೆಂಡು ಬಿದ್ದಿದೆ, ಅಂದರೆ ಕಾಶವ್ವ ಗಂಡನ ಮನೆಗೆ ಹೊರಡಬೇಕು. ರೀತಿ ಎಂದರೆ ರೀತಿ. ಹುಲಗಪ್ಪ ಕೋಲೂರಿಕೊಂಡು ಹೋಗಿ ಟಂಟಂ ಗಾಡಿ ಗೊತ್ತು ಮಾಡಿ ಬಂದ. ಸುನಂದಾ ಮಕ್ಕಳೊಂದಿಗೆ ಓಡಿ ಬಂದಳು. ಹೆಂಗಸರು ಬೆಳ್ಳಗಿನ ತಲೆಯ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಉಡಿ ತುಂಬಿದರು. ಹಿಂದೆ ಹಾಡಿದವರಲ್ಲಿ ಉಳಿದಿದ್ದ ಇಬ್ಬರು ಹಲ್ಲಿಲ್ಲದ ಬಾಯಿಯಲ್ಲೇ ಹಾಡಿದರು. ನಮ್ಮ ಊರಿನಲ್ಲಿ ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ತಮ್ಮನ ಮಗ ಫೋನಿನಲ್ಲಿ, ‘ಬರ್ರಿ ದೊಡ್ಡಪ್ಪ, ಒಂದು ಖೋಲಿ ಐತಿ’ ಎಂದ. ಒಳ್ಳೆಯ ಹುಡುಗ, ನನ್ನ ಮುಖ ಸರಿಯಾಗಿ ನೋಡಿದವನಲ್ಲ.

ಕಾಶವ್ವ ಬುತ್ತಿಯ ಗಂಟನ್ನು ಎದೆಗೆ ಅವಚಿಕೊಂಡು ಹೊಸ್ತಿಲಿಗೆ ಬಂದಳು. ಈ ಸಲ ಮರೆತಿರಲಿಲ್ಲ. ಹೊಸ್ತಿಲು ದಾಟುವಾಗ ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಕಣ್ಣು ಒರಳಿನ ಮೇಲೆ, ತೊಟ್ಟಿಲು ಇಡುತ್ತಿದ್ದ ಜಾಗದ ಮೇಲೆ, ಬೇವಿನ ಮರದ ಮೇಲಿನ ಖಾಲಿ ಆಕಾಶದ ಮೇಲೆ ಓಡಾಡಿತು.

‘ಬರೂ ಮನಸ್ಸೈತೇನು?’ ಎಂದು ಮೆಲ್ಲಗೆ ಕೇಳಿದೆ.

‘ಆವಾಗ ಬಾಳ ಇತ್ರಿ.’

‘ಈಗ?’

‘ಈಗ ರೀತಿ ಐತಿ. ಚೆಂಡು ಬಿದ್ದ ಮ್ಯಾಲ ನಿಲ್ಲಾಕ ಬರೂದಿಲ್ಲ. ನಡೀರಿ, ತಡ ಯಾಕ?’ ಎಂದಳು. ಆದರೆ ಚೌಕಟ್ಟು ಹಿಡಿದ ಕೈ ಬಿಡಲಿಲ್ಲ.

ಚೆಂಡು ನನ್ನ ಜೇಬಿನಲ್ಲಿತ್ತು. ಅಂಗಳದ ನಡುವೆ ಹೋಗಿ ಮನೆಯ ಕಡೆ ಮುಖ ಮಾಡಿ ನಿಂತೆ, ಬೆನ್ನು ಬೀದಿಗೆ. ನನಗೆ ಬರುವುದು ಒಂದೇ ತಿರುವು. ಆ ಹುಡುಗರು ಹೆಸರಿಟ್ಟ ಅಳಿಯನ ಏಟಿಗೆ ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದೆ. ತಲೆಯ ಹಿಂದೆ ಗುಂಯ್ ಎಂಬ ಸದ್ದು ಎದ್ದಿತು. ತಿರುಗಿ ನೋಡುವಷ್ಟರಲ್ಲಿ ಚೆಂಡು ಮಾಳಿಗೆ ದಾಟಿತ್ತು, ಬೇವಿನ ಮರ ದಾಟಿತ್ತು.

‘ಅಳ್ಯಾ! ಏನ್ ಮಾಡಿದಿಪಾ!’ ಎಂದು ಹುಲಗಪ್ಪ ಕೋಲು ಎತ್ತಿ ಕೂಗಿದ. ಆಮೇಲೆ ಕೋಲು ಇಳಿಸಿ, ಊರಿಗೆಲ್ಲ ಕೇಳುವಂತೆ ನಗತೊಡಗಿದ. ‘ಟಂಟಂ ಹೊಳ್ಳಿ ಕಳಸ್ರಿ. ಒಗದಾಂವ ಊರ ಗಡಿ ದಾಟೂ ಹಂಗಿಲ್ಲ. ಗಂಡ ಇದ್ದಲ್ಲೇ ಗಂಡನ ಮನಿ. ಕಾಶೀ, ಬಲಗಾಲಿಟ್ಟು ಒಳಗ ನಡಿ.’

ಕಾಶವ್ವ ಚೌಕಟ್ಟನ್ನು ಬಿಟ್ಟಳು. ಮೇಲೆ ಚೆಂಡನ್ನು ನೋಡಿದಳು, ಕೆಳಗೆ ನನ್ನನ್ನು ನೋಡಿದಳು. ‘ಯಾಕ್ರೀ ಹಿಂಗ ಮಾಡಿದ್ರಿ?’ ಎಂದು ಕೇಳಿದಳು.

ನಾನು ತುಟಿಯ ಮೇಲೆ ಬೆರಳಿಟ್ಟು ಮೇಲಕ್ಕೆ ತೋರಿಸಿದೆ. ಅವಳು ಹೊಸ್ತಿಲ ಮೇಲೆಯೇ ಕೂತು ಬುತ್ತಿ ಬಿಚ್ಚಿದಳು. ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ ನನ್ನ ಕೈಗೆ ಕೊಟ್ಟಳು. ಚೆಂಡು ಇನ್ನೂ ಮೇಲಿದೆ, ಹಾಗಾಗಿ ಯಾಕೆ ಎಸೆದೆ ಎಂದು ನೀವೂ ಕೇಳಬೇಡಿ.